ಲಿಂಗಪ್ಪ ಡಾಕ್ಟರ ಮೊಹರು

ಕೋರ್ಟಿನ ಎದುರು, ಛಾಪಾ ಕಾಗದದವನ ಪಕ್ಕ
ಮೂರಡಿ ಅಗಲದ ನನ್ನ ರಬ್ಬರ್ ಸ್ಟಾಂಪಿನ ಅಂಗಡಿ.
ಲೂರ್ದಮ್ಮ ಸೆರಗಿನ ಗಂಟು ಬಿಚ್ಚಿ
ಹೆಬ್ಬೆರಳುದ್ದದ ಕಲ್ಲೊಂದನ್ನು ಗಾಜಿನ ಮೇಲಿಟ್ಟಳು.
"ನಮ್ಮ ಡಾಕ್ಟ್ರದು. ಇದರಲ್ಲಿ ಅವರ ಹೆಸರಿದೆಯಂತೆ.
ಓದಿ ಹೇಳಿ."

ಶಿವರಾಂಪೇಟೆಯ ಮಹಡಿ ಮೇಲೆ
ಮೂವತ್ತೊಂದು ವರ್ಷ ಇಕ್ಕಳ ಕುದಿಸಿ ಕೊಟ್ಟವಳು.
ಪಾಂಡವಪುರ, ಕಿರಂಗೂರಿನಿಂದ
ಕೆನ್ನೆಗೆ ಟವಲು ಕಟ್ಟಿಕೊಂಡು ಬಂದವರೆಲ್ಲ
ಚೀನಾದ ಆ ಮುದುಕರನ್ನು ಕರೆದದ್ದು
ಲಿಂಗಪ್ಪ ಡಾಕ್ಟ್ರೇ ಅಂತ,
ಕಬ್ಬು ಸಿಗಿಯೋ ಹಲ್ಲು ಕಟ್ಕೊಡಿ ಲಿಂಗಪ್ನೋರೆ ಅಂತ.
ಅವರೂ ಓಗೊಟ್ಟರು.
ಸ್ಮಶಾನದ ದಫ್ತರಿನಲ್ಲೂ ಹಾಗೇ ಬಿದ್ದಿದೆ:
ಲಿಂಗಪ್ಪ, ಹಲ್ಲಿನವರು, ಊರು ಚೀನಾ.
ಈಗ ತಲೆಗಲ್ಲು ನಿಲ್ಲಿಸಬೇಕು.
ಕಲ್ಲಿನ ಬಾಯಲ್ಲಿ ಸುಳ್ಳು ಹೇಳಿಸಲು
ಲೂರ್ದಮ್ಮನಿಗೆ ಮನಸ್ಸಿಲ್ಲ.

ನನಗೆ ಚೀನಾ ಬರುವುದಿಲ್ಲ. ತಿರುಗುಮುರುಗು ಬರುತ್ತದೆ.
ನಲವತ್ತು ವರ್ಷ ಕನ್ನಡವನ್ನು ಬಲದಿಂದ ಎಡಕ್ಕೆ ಕೊರೆದ ಕಣ್ಣು;
ಕನ್ನಡಿಯ ಅಕ್ಷರವೇ ನೇರ, ಮದುವೆ ಕಾಗದವೇ ಸೊಟ್ಟ.
ಭೂತಗನ್ನಡಿ ಹಿಡಿದೆ. ನಾಕು ಮನೆ, ನಾಕು ಗುರುತು.
ಮೊದಲು ಕಂಡದ್ದು ಕೊರೆದವನ ಕೈ:
ಉಳಿ ಎಲ್ಲಿ ಇಳಿಯಿತು, ಎಲ್ಲಿ ಜಾರಿತು,
ಜಾರಿದ್ದನ್ನು ಬೇಕೆಂದೇ ಎಳೆದ ಗೆರೆಯಂತೆ ಹೇಗೆ ಮುಚ್ಚಿದ.
ಮಾರಾಯ, ನಾನೂ ಹಾಗೇ ಮುಚ್ಚುವುದು.

ಕೆಂಪು ಪ್ಯಾಡಿಗೆ ಒತ್ತಿ ಹಾಳೆಗೆ ಇಳಿಸಿದೆ.
ನೆಲವೆಲ್ಲ ಕೆಂಪು, ಗೆರೆಗಳು ಬಿಳಿ.
"ಒಸಡಿನ ಹಾಗಿದೆ" ಅಂದಳು ಲೂರ್ದಮ್ಮ.

ದೊಡ್ಡ ಗಡಿಯಾರದ ಬಳಿ ಸ್ವೆಟರ್ ಹರವುವ
ಬೈಲಕುಪ್ಪೆಯ ಲೋಡೋ
ಹಾಳೆ ನೋಡಿದ, ಮಡಿಸಿದ, ವಾಪಸು ಕೊಟ್ಟ.
"ಬೆತ್ತದ ಕೆಳಗೆ ಕಲಿತ ಭಾಷೆ, ಅಂಕಲ್.
ಮರೆಯೋಕೇ ಇಷ್ಟು ದೂರ ಬಂದದ್ದು."
ಯಾರಿಗೋ ಮಫ್ಲರ್ ಸುತ್ತಿ ಕೊಟ್ಟ. ಚಿಲ್ಲರೆ ಎಣಿಸಿದ.
ಆಮೇಲೆ, ಏನನ್ನಿಸಿತೋ, ಕೈ ಚಾಚಿದ.

"ಹಳೇ ಲಿಪಿ. ಬಲಗಡೆ ಮೇಲಿಂದ ಕೆಳಗೆ, ಆಮೇಲೆ ಎಡಗಡೆ.
ಮೊದಲನೇದು ನೋಡಿ, ಜೋಡಿ ಮರ. ಕಾಡು ಅಂತ. ಲಿನ್."
ಲೂರ್ದಮ್ಮ ತಟ್ಟನೆ ನನ್ನ ತೋಳು ಹಿಡಿದಳು:
"ಲಿನ್! ಲಿನ್ನಪ್ಪ, ಲಿಂಗಪ್ಪ!"
ಪಾಂಡವಪುರದ ಬೊಚ್ಚುಬಾಯಿಗಳು
ಅರ್ಧ ಸರಿಯಾಗೇ ಹೇಳಿದ್ದವು.
"ಎಡಗಡೆ ಮೇಲಿನದು ಮೂರು ಕೋಡು. ಬೆಟ್ಟ, ಶಾನ್.
ಅದರ ಕೆಳಗಿನದು ಹೆಸರಲ್ಲ. ಮೊಹರು ಅಂತ, ಅಷ್ಟೇ."
ನಗು ಬಂತು. ನಾವೂ ಸಹಿಯ ಜಾಗದಲ್ಲಿ
'ಸಹಿ' ಅಂತಲೇ ಕೊರೆಯುತ್ತೇವಲ್ಲ.

ಉಳಿದದ್ದು ನಡುವಿನದು. ಬಲಗಡೆಯ ಕೆಳಮೂಲೆ.
ಅಲ್ಲಿ ಕಲ್ಲಿನ ಚಕ್ಕೆ ಎದ್ದಿದೆ.
ಲೋಡೋ ಅಂಗೈ ಮೇಲೆ ಬೆರಳಿಂದ ಬರೆದ, ಒರೆಸಿದ, ಬರೆದ.
ನೀರೋ, ಮಾತೋ, ಬಾಗಿಲೂ ಇರಬಹುದು.
"ಊಹೆ ಹೇಳಲಾರೆ, ಸತ್ತವರ ಹೆಸರು. ಗೊತ್ತಿಲ್ಲ."
ಲೂರ್ದಮ್ಮ ಬಹಳ ಹೊತ್ತು ಸುಮ್ಮನಿದ್ದಳು.
"ಚಕ್ಕೆ ಎಬ್ಬಿಸಿದ್ದು ನಾನೇ. ಟ್ರೇ ಒರೆಸುವಾಗ ಕೈಜಾರಿ ಬಿತ್ತು.
ಅವರು ಏನೂ ಅನ್ನಲಿಲ್ಲ. ಟೀ ತರಿಸಿಕೊಟ್ಟರು."

ನನ್ನಪ್ಪ ಓದು ಬಾರದವನು.
ಅಮೀನರ ಅರಗಿನ ಮೊಹರು, ಉರ್ದು, ಇಂಗ್ಲಿಷು,
ಅಕ್ಷರ ಗೊತ್ತಿಲ್ಲದೆ, ಗೆರೆ ತಪ್ಪದೆ ಕೊರೆದ.
ಬಟರ್ ಪೇಪರ್ ಹಾಸಿ ಪೆನ್ಸಿಲು ಚೂಪು ಮಾಡಿಕೊಂಡೆ.
ಎರಡು ಮರ ಎತ್ತಿದೆ. ಬೆಟ್ಟ ಎತ್ತಿದೆ.
ಓದಲಾಗದ್ದನ್ನು ಉಸಿರು ಬಿಗಿಹಿಡಿದು ಎತ್ತಿದೆ.
"ಚಕ್ಕೆ ಎದ್ದದ್ದನ್ನೂ ಕೊರೀಲಾ?"
"ಕೊರೀರಿ. ಅದು ನನ್ನ ಕೈದು."
"ಕೆಳಗೆ ಕನ್ನಡದಲ್ಲಿ?"
ಲೂರ್ದಮ್ಮ ಕಲ್ಲನ್ನು ಮತ್ತೆ ಸೆರಗಿಗೆ ಕಟ್ಟುತ್ತಾ ಅಂದಳು:
"ಲಿಂಗಪ್ಪ ಅಂತಲೇ ಇರಲಿ.
ಕರೆದರೆ ಓ ಅಂತಿದ್ದರಲ್ಲ."